ಪರರ ನೋವಿಗೆ ಕಿವಿಗೊಡುವವರು ದಣಿದಾಗ: ಕಂಪ್ಯಾಷನ್ ಫಟೀಗ್ ಏಕೆ ಬರುತ್ತದೆ, ಏನು ಮಾಡಬಹುದು?

14416 ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಶುರುವಾದ ಈ ಉಚಿತ ಸೇವೆಗೆ ಬಂದ ಕರೆಗಳು 2025ರ ಹೊತ್ತಿಗೆ 20 ಲಕ್ಷ ದಾಟಿದವು. ದೇಶದ ಎಲ್ಲ ಕೇಂದ್ರಗಳಿಗೂ ಮಾರ್ಗದರ್ಶನ ಮಾಡುವ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ನಿದ್ದೆ ಬರುತ್ತಿಲ್ಲ ಅನ್ನುವವರು, ಪರೀಕ್ಷೆಯ ಭಯದಲ್ಲಿರುವ ಮಕ್ಕಳು, ಗಂಡನ ಕುಡಿತದಿಂದ ಸೋತ ಹೆಂಗಸರು, ಬದುಕೇ ಬೇಡವಾಗಿದೆ ಅನ್ನುವವರು, ಎಲ್ಲರೂ ಅಲ್ಲಿಗೆ ಫೋನ್ ಮಾಡುತ್ತಾರೆ. ಮನಸ್ಸಿನ ಕಾಯಿಲೆಯನ್ನು ಬಚ್ಚಿಡದೆ ಹೇಳಿಕೊಳ್ಳುವವರು ಹೆಚ್ಚುತ್ತಿರುವುದು ನಿಜಕ್ಕೂ ಒಳ್ಳೆಯ ಬೆಳವಣಿಗೆ.

ಹೇಳಿಕೊಳ್ಳುವವರು ಹೆಚ್ಚಿದ ವೇಗದಲ್ಲಿ ಕೇಳಿಸಿಕೊಳ್ಳುವವರು ಮಾತ್ರ ಹೆಚ್ಚಿಲ್ಲ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಭಾರತದಲ್ಲಿ ಲಕ್ಷ ಜನಕ್ಕೆ ಸುಮಾರು 0.75 ಮನೋವೈದ್ಯರಿದ್ದಾರೆ ಎಂಬುದು ಈ ಕ್ಷೇತ್ರದಲ್ಲಿ ಹೆಚ್ಚಾಗಿ ಉಲ್ಲೇಖವಾಗುವ ಅಂದಾಜು. ಅಂದರೆ ಲಕ್ಷಕ್ಕೆ ಒಬ್ಬರೂ ಪೂರ್ತಿ ಸಿಗುವುದಿಲ್ಲ. ಆ ಹೊರೆಯನ್ನು ಮನೋವೈದ್ಯರು, ಮನೋಶಾಸ್ತ್ರಜ್ಞರು, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗಳು, ನರ್ಸ್‌ಗಳು, ಆಪ್ತಸಮಾಲೋಚಕರು ಮತ್ತು ವಾರ್ಡ್ ಅಟೆಂಡರ್‌ಗಳು ಹಂಚಿಕೊಂಡು ಹೊರುತ್ತಿದ್ದಾರೆ. ಇವರಲ್ಲಿ ಕೆಲವರನ್ನು ಒಂದು ವಿಶೇಷ ಬಗೆಯ ದಣಿವು ಹಿಡಿಯುತ್ತದೆ. ಕಂಪ್ಯಾಷನ್ ಫಟೀಗ್, ಅನುಕಂಪದ ದಣಿವು, ಅನ್ನುವುದು ಅದಕ್ಕೇ. ಅದು ಬಂದಾಗ ಪೆಟ್ಟು ಬೀಳುವುದು ಸಿಬ್ಬಂದಿಯೊಬ್ಬರಿಗೇ ಅಲ್ಲ, ಅವರ ಮುಂದೆ ಕುಳಿತ ರೋಗಿಗೂ.

## ಇದು ಬರೀ ಸುಸ್ತಲ್ಲ

1992ರಲ್ಲಿ ಅಮೆರಿಕದ ಕಾರ್ಲಾ ಜಾಯ್ನ್‌ಸನ್ ಅವರು ತುರ್ತು ಚಿಕಿತ್ಸಾ ವಿಭಾಗದ ನರ್ಸ್‌ಗಳ ಬಗ್ಗೆ ಬರೆಯುತ್ತ ಈ ಮಾತನ್ನು ಬಳಸಿದರು. 1995ರಲ್ಲಿ ಮನೋಶಾಸ್ತ್ರಜ್ಞ ಚಾರ್ಲ್ಸ್ ಫಿಗ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. ಆಘಾತಕ್ಕೆ ಒಳಗಾದವರನ್ನು ನೋಡಿಕೊಳ್ಳುವವರಿಗೆ ಆ ಆಘಾತದ ಪಾಲು ತಟ್ಟುತ್ತದೆ ಎಂಬುದು ಅವರ ವಾದದ ತಿರುಳು. ಈಗ ಈ ದಣಿವನ್ನು ಎರಡು ಭಾಗ ಮಾಡಿ ನೋಡುವುದು ರೂಢಿ.

ಮೊದಲನೆಯದು ಬರ್ನ್‌ಔಟ್. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಇದನ್ನು ವಿವರಿಸಿದರು. ಆಮೇಲೆ ಕ್ರಿಸ್ಟಿನಾ ಮಸ್ಲಾಕ್ ಅಳೆಯುವ ವಿಧಾನ ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, ಕಾಯಿಲೆಗಳನ್ನು ವರ್ಗೀಕರಿಸುವ ಐಸಿಡಿ-11 ಪಟ್ಟಿಯಲ್ಲಿ ಬರ್ನ್‌ಔಟ್ ಕಾಯಿಲೆಯಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ. ಮೂರು ಗುರುತುಗಳು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಕಹಿ ಬೆಳೆಯುವುದು, ‘ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ’ ಅನ್ನಿಸುವುದು. ಇದು ಯಾವ ಕೆಲಸದಲ್ಲೂ ಬರಬಹುದು, ಬ್ಯಾಂಕಿನಲ್ಲೂ ಸಾಫ್ಟ್‌ವೇರ್ ಕಂಪನಿಯಲ್ಲೂ. ತಿಂಗಳುಗಟ್ಟಲೆ ನಿಧಾನವಾಗಿ ಕೂಡಿಕೊಳ್ಳುತ್ತದೆ.

ಎರಡನೆಯದು ಸೆಕೆಂಡರಿ ಟ್ರಾಮಾಟಿಕ್ ಸ್ಟ್ರೆಸ್, ಅಂದರೆ ಇನ್ನೊಬ್ಬರ ಆಘಾತದಿಂದ ತಗುಲುವ ಒತ್ತಡ. ಅತ್ಯಾಚಾರಕ್ಕೊಳಗಾದ ಹುಡುಗಿಯ ಮಾತು ಕೇಳಿದ ಸಮಾಲೋಚಕಿಗೆ ಆ ದೃಶ್ಯ ತಾನೇ ಕಂಡಂತೆ ಕಣ್ಣ ಮುಂದೆ ಬರತೊಡಗುತ್ತದೆ. ಕನಸು ಕೆಡುತ್ತದೆ, ಸಣ್ಣ ಸದ್ದಿಗೂ ಬೆಚ್ಚುವಂತಾಗುತ್ತದೆ. ಇದು ಒಂದೇ ಪ್ರಕರಣದಿಂದ ಒಂದೇ ದಿನದಲ್ಲೂ ಶುರುವಾಗಬಹುದು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತಂದ 2013ರ ಡಿಎಸ್‌ಎಂ-5 ಕೈಪಿಡಿಯು ವೃತ್ತಿಯ ಕಾರಣಕ್ಕೆ ಆಘಾತದ ಘೋರ ವಿವರಗಳಿಗೆ ಮತ್ತೆ ಮತ್ತೆ ಒಡ್ಡಿಕೊಳ್ಳುವುದನ್ನೂ ಪಿಟಿಎಸ್‌ಡಿಗೆ (ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆಗೆ) ಕಾರಣವಾಗಬಲ್ಲ ಸನ್ನಿವೇಶವೆಂದು ಒಪ್ಪಿಕೊಂಡಿತು.

ಇವೆರಡರ ಜೊತೆಗೆ ವೈಕೇರಿಯಸ್ ಟ್ರಾಮಾ ಎಂಬ ಮಾತೂ ಕಿವಿಗೆ ಬೀಳುತ್ತದೆ. 1990ರಲ್ಲಿ ಮೆಕ್ಯಾನ್ ಮತ್ತು ಪರ್ಲ್‌ಮನ್ ಹೇಳಿದ್ದು ಇದನ್ನು. ಇಲ್ಲಿ ಬದಲಾಗುವುದು ಲೋಕವನ್ನು ನೋಡುವ ಕಣ್ಣು. ವರ್ಷಗಟ್ಟಲೆ ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣ ನೋಡಿದವರು ತಮ್ಮ ಮಗಳನ್ನು ಪಕ್ಕದ ಮನೆಗೂ ಕಳಿಸಲಾಗದೆ ಒದ್ದಾಡುವುದು ಇದಕ್ಕೆ ಉದಾಹರಣೆ.

ಈ ಭೇದ ತಿಳಿದಿರಬೇಕು, ಏಕೆಂದರೆ ಪರಿಹಾರ ಬೇರೆ ಬೇರೆ. ಬರ್ನ್‌ಔಟ್‌ಗೆ ಕೆಲಸದ ಹೊರೆ ಇಳಿಸಬೇಕು. ಆಘಾತದ ಒತ್ತಡಕ್ಕೆ ರಜೆ ಕೊಟ್ಟರೆ ಸಾಲದು, ಆ ವ್ಯಕ್ತಿ ರಜೆಯಲ್ಲೂ ಅದೇ ಚಿತ್ರವನ್ನು ನೋಡುತ್ತ ಕೂರಬಹುದು.

## ಒಳಗೆ ಏನು ನಡೆಯುತ್ತದೆ

ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದರ ತಂತಿ ಮುಟ್ಟದೆಯೇ ಮಿಡಿಯುತ್ತದೆ. ಪರಾನುಭೂತಿ ಕೆಲಸ ಮಾಡುವುದು ಹೆಚ್ಚುಕಡಿಮೆ ಹೀಗೇ. ಎದುರಿನವರ ನೋವನ್ನು ನೋಡುವಾಗ ನಮ್ಮ ಮಿದುಳಿನಲ್ಲೂ ಸ್ವಂತ ನೋವಿನ ವೇಳೆ ಎಚ್ಚರವಾಗುವ ಕೆಲವು ಭಾಗಗಳು ಎಚ್ಚರವಾಗುತ್ತವೆ. ಒಳ್ಳೆಯ ಸಮಾಲೋಚಕರಿಗೆ ಈ ಮಿಡಿತ ಬೇಕೇ ಬೇಕು. ಅದಿಲ್ಲದಿದ್ದರೆ ರೋಗಿ ಮನಸ್ಸು ಬಿಚ್ಚುವುದಿಲ್ಲ.

ತೊಂದರೆ ಶುರುವಾಗುವುದು ಮಿಡಿತ ನಿಲ್ಲುವ ಮುಂಚೆಯೇ ಮುಂದಿನ ಮೀಟು ಬಿದ್ದಾಗ. ನರವಿಜ್ಞಾನಿಗಳಾದ ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಇಲ್ಲೊಂದು ಮುಖ್ಯ ವ್ಯತ್ಯಾಸ ತೋರಿಸಿದ್ದಾರೆ. 2014ರಲ್ಲಿ ಪ್ರಕಟವಾದ ಅವರ ತಂಡದ ಪ್ರಯೋಗದಲ್ಲಿ, ಇನ್ನೊಬ್ಬರ ನೋವನ್ನು ತಾನೂ ಅನುಭವಿಸುವ ತರಬೇತಿ ಪಡೆದವರಿಗೆ ದುಃಖದ ದೃಶ್ಯ ನೋಡಿದಾಗ ಸಂಕಟ ಹೆಚ್ಚಾಯಿತು. ಅದೇ ಜನಕ್ಕೆ ಮುಂದೆ ‘ಇವರಿಗೆ ಒಳ್ಳೆಯದಾಗಲಿ’ ಎಂಬ ಹಾರೈಕೆಯ ಭಾವವನ್ನು ಅಭ್ಯಾಸ ಮಾಡಿಸಿದಾಗ ಸಂಕಟ ಇಳಿಯಿತು, ಹಿತವಾದ ಭಾವ ಏರಿತು. ಮಿದುಳಿನಲ್ಲಿ ಕೆಲಸ ಮಾಡಿದ ಜಾಲವೂ ಬೇರೆಯಾಗಿತ್ತು. ಹಾಗಾಗಿ ದಣಿಸುವುದು ಕರುಣೆಯಲ್ಲ, ನೋವಿನಲ್ಲೇ ಸಿಕ್ಕಿಕೊಳ್ಳುವ ಪರಾನುಭೂತಿ ಎನ್ನುವ ಸಂಶೋಧಕರು ಹಲವರಿದ್ದಾರೆ. ಈ ಮಾತು ತರಬೇತಿಯ ದೃಷ್ಟಿಯಿಂದ ತುಂಬ ಮುಖ್ಯ. ‘ಕಲ್ಲಾಗು, ಅಂಟಿಸಿಕೊಳ್ಳಬೇಡ’ ಎಂದು ಹೊಸಬರಿಗೆ ಹೇಳಿಕೊಡುವ ಅಗತ್ಯವಿಲ್ಲ.

## ಮನೋಆರೋಗ್ಯದ ಕೆಲಸದಲ್ಲೇ ಏಕೆ ಹೆಚ್ಚು

ಶಸ್ತ್ರಚಿಕಿತ್ಸಕರ ಕೈಯಲ್ಲಿ ಚಾಕು, ಉಪಕರಣಗಳಿರುತ್ತವೆ. ಸಮಾಲೋಚಕರ ಉಪಕರಣ ಅವರ ಗಮನ ಮತ್ತು ಅವರ ಮಾತು. ಉಪಕರಣ ಸವೆದರೆ ಬದಲಾಯಿಸಿಕೊಳ್ಳಲು ಬೇರೆ ಇಲ್ಲ.

ಫಲ ಕಾಣುವುದೂ ತಡ. ಮೂಳೆ ಕೂಡಿದ್ದನ್ನು ಎಕ್ಸ್‌ರೇ ತೋರಿಸುತ್ತದೆ. ಸ್ಕಿಜೋಫ್ರೇನಿಯಾ ಇರುವವರು ಎರಡು ವರ್ಷ ಚೆನ್ನಾಗಿದ್ದು, ಮಾತ್ರೆ ಬಿಟ್ಟು, ಮತ್ತೆ ವಾರ್ಡಿಗೆ ಬರುತ್ತಾರೆ. ಕುಡಿತ ಬಿಟ್ಟವರು ಹಬ್ಬಕ್ಕೆ ಊರಿಗೆ ಹೋಗಿ ಮರಳಿ ಶುರುಮಾಡುತ್ತಾರೆ. ಇದು ಕಾಯಿಲೆಯ ಸ್ವಭಾವ ಎಂದು ಗೊತ್ತಿದ್ದರೂ ಸಿಬ್ಬಂದಿಗೆ ಅದು ತಮ್ಮ ಸೋಲಿನಂತೆ ಕಾಣುತ್ತದೆ.

ಗೋಪ್ಯತೆಯ ಕಟ್ಟುಪಾಡು ಇನ್ನೊಂದು ಕಾರಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತದೆ, ಅದು ಸರಿಯೇ. ಆದರೆ ಬೇರೆ ಕೆಲಸದವರು ಮನೆಗೆ ಬಂದು ‘ಇವತ್ತು ಆಫೀಸಿನಲ್ಲಿ ಹೀಗಾಯಿತು’ ಎಂದು ಹೇಳಿ ಹಗುರಾಗುವಂತೆ ಇವರು ಹೇಳುವಂತಿಲ್ಲ. ತಾಲ್ಲೂಕು ಕೇಂದ್ರದಂಥ ಸಣ್ಣ ಊರಿನಲ್ಲಿ ಹೆಸರು ಬಿಟ್ಟು ಹೇಳಿದರೂ ಯಾರ ಕಥೆ ಎಂದು ಗುರುತು ಸಿಕ್ಕಿಬಿಡುತ್ತದೆ. ಹಾಗಾಗಿ ಆಸ್ಪತ್ರೆಯೊಳಗೇ ಮಾತಾಡುವ ಜಾಗ ಇರಬೇಕು.

ಇನ್ನು ಸಮಯ. ಕರ್ನಾಟಕದಲ್ಲಿ 2014ರಿಂದ ನಡೆಯುತ್ತಿರುವ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ದೂರದ ಹಳ್ಳಿಯವರು ಜಿಲ್ಲಾ ಕೇಂದ್ರಕ್ಕೆ ಅಲೆಯುವುದು ಇದರಿಂದ ತಪ್ಪಿದೆ. ಆದರೆ ಲೆಕ್ಕ ಹಾಕಿ ನೋಡಿ: ನಾಲ್ಕು ಗಂಟೆಯ ಓಪಿಡಿಗೆ (ಹೊರರೋಗಿ ವಿಭಾಗಕ್ಕೆ) 60 ಜನ ಬಂದರೆ ಒಬ್ಬರಿಗೆ ಸಿಗುವುದು 4 ನಿಮಿಷ. ಆ ಹೊತ್ತಿನಲ್ಲಿ ಮಾತ್ರೆ ಬರೆಯಬಹುದು, ನಿದ್ದೆ-ಊಟ ವಿಚಾರಿಸಬಹುದು. ಐದನೇ ನಿಮಿಷದಲ್ಲಿ ಬರಬಹುದಾಗಿದ್ದ ಮಾತು ಹಾಗೇ ಉಳಿದುಬಿಡುತ್ತದೆ. ಏನು ಮಾಡಬೇಕೆಂದು ಚೆನ್ನಾಗಿ ಗೊತ್ತಿದ್ದೂ ವ್ಯವಸ್ಥೆಯ ಕಾರಣಕ್ಕೆ ಮಾಡಲಾಗದೆ ಹೋಗುವ ಈ ಸಂಕಟವನ್ನು ಮಾರಲ್ ಡಿಸ್ಟ್ರೆಸ್ ಎನ್ನುತ್ತಾರೆ. 1984ರಲ್ಲಿ ಆಂಡ್ರ್ಯೂ ಜೇಮಿಟನ್ ನರ್ಸ್‌ಗಳ ಸಂದರ್ಭದಲ್ಲಿ ಇದನ್ನು ಗುರುತಿಸಿದರು. ನಮ್ಮ ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ ದಣಿವಿನ ದೊಡ್ಡ ಮೂಲ ಇದೇ ಎಂದು ನನಗೆ ಅನ್ನಿಸುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಯಲ್ಲಿ ಅನೇಕರು ಗುತ್ತಿಗೆಯ ಮೇಲಿರುವವರು. ಬರುವ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆಯೂ ಇದಕ್ಕೆ ಸೇರಿಕೊಳ್ಳುತ್ತದೆ.

## ಒಂದು ಪಾಳಿಯನ್ನು ಹತ್ತಿರದಿಂದ ನೋಡಿದರೆ

ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಮನೋವೈದ್ಯಕೀಯ ವಾರ್ಡಿನ ನೈಟ್ ಡ್ಯೂಟಿ. ಆತ್ಮಹತ್ಯೆಯ ಅಪಾಯವಿರುವ ಒಬ್ಬ ರೋಗಿಯನ್ನು 15 ನಿಮಿಷಕ್ಕೊಮ್ಮೆ ನೋಡಿ ಚಾರ್ಟ್‌ನಲ್ಲಿ ಸಹಿ ಹಾಕಬೇಕು. ಹನ್ನೆರಡು ಗಂಟೆಯಲ್ಲಿ ಅದು 48 ಸಲ. ಪ್ರತಿ ಸಲ ಹತ್ತಿರ ಹೋಗಿ, ಉಸಿರಾಡುತ್ತಿದ್ದಾರೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಹೊದಿಕೆ ಮುಖದ ಮೇಲಿದ್ದರೆ ಸರಿಸಬೇಕು. ಅದರ ನಡುವೆ ಇನ್ನೊಬ್ಬರು ಉದ್ರೇಕಗೊಂಡು ಕೂಗಾಡುತ್ತಾರೆ. ಮಾತಿನಲ್ಲಿ ಸಮಾಧಾನವಾಗದಿದ್ದಾಗ ಡ್ಯೂಟಿ ಡಾಕ್ಟರನ್ನು ಕರೆಸಿ ಚುಚ್ಚುಮದ್ದು ಕೊಡಬೇಕು. ದೈಹಿಕವಾಗಿ ಹಿಡಿದಿಡುವುದಕ್ಕೆ 2017ರ ಕಾಯ್ದೆ ಅವಕಾಶ ಕೊಡುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಅನುಮತಿಯ ಮೇಲೆ. ಹಾಗೆ ಹಿಡಿದವರ ಕೈಗೂ ಆ ರೋಗಿಯ ಭಯದ ನೆನಪು ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಡುವಾಗ ಇವೆಲ್ಲ ‘ರಾತ್ರಿ ಒಬ್ಬರು ಅಜಿಟೇಟೆಡ್, ಇಂಜೆಕ್ಷನ್ ಕೊಟ್ಟಿದೆ’ ಎಂಬ ಒಂದು ಸಾಲಿಗೆ ಇಳಿಯುತ್ತದೆ.

ಸಹಾಯವಾಣಿಯ ಕೆಲಸದಲ್ಲಿ ಮುಖ ಕಾಣುವುದಿಲ್ಲ, ದನಿ ಮಾತ್ರ. ಮುಕ್ಕಾಲು ಗಂಟೆ ಮಾತಾಡಿ, ‘ಮನೆಯಲ್ಲಿ ಯಾರಿದ್ದಾರೆ, ಅವರಿಗೆ ಫೋನ್ ಕೊಡ್ತೀರಾ’ ಎಂದು ಕೇಳುವ ಹೊತ್ತಿಗೆ ಕರೆ ಕಡಿದುಹೋಗುತ್ತದೆ. ವಾಪಸ್ ಮಾಡಿದರೆ ಸ್ವಿಚ್ ಆಫ್. ಆ ವ್ಯಕ್ತಿ ಬದುಕಿದ್ದಾರೋ ಇಲ್ಲವೋ ಕೊನೆಗೂ ತಿಳಿಯದೇ ಹೋಗಬಹುದು. ಅಂತ್ಯ ಗೊತ್ತಿಲ್ಲದ ಕಥೆಯನ್ನು ಮನಸ್ಸು ತಾನೇ ಮುಗಿಸಲು ನೋಡುತ್ತದೆ, ಸಾಮಾನ್ಯವಾಗಿ ಕೆಟ್ಟದಾಗಿಯೇ. ಕರೆ ಕಡಿದ ಕ್ಷಣದಲ್ಲೇ ಮುಂದಿನ ಕರೆ ರಿಂಗಾದರೆ, ಹಿಂದಿನದನ್ನು ಇಳಿಸಿಡಲು ಜಾಗವೇ ಇರುವುದಿಲ್ಲ. ಗಂಭೀರ ಕರೆಯ ಬಳಿಕ 10ರಿಂದ 15 ನಿಮಿಷ ಲೈನಿನಿಂದ ಹೊರಗಿರಲು ಬಿಡಬೇಕು ಎನ್ನುವುದು ಇದಕ್ಕೇ. ಸಾಫ್ಟ್‌ವೇರ್‌ನಲ್ಲಿ ‘ಬಿಡುವು’ ಎಂಬ ಗುಂಡಿ ಇದ್ದರೆ ಸಾಲದು. ಅದನ್ನು ಒತ್ತಿದವರ ಕರೆಗಳ ಲೆಕ್ಕ ಕಡಿಮೆಯಾಯಿತೆಂದು ಮೇಲಿನವರು ಕೇಳಬಾರದು. ಕೇಳತೊಡಗಿದರೆ ಆ ಗುಂಡಿಯನ್ನು ಯಾರೂ ಮುಟ್ಟುವುದಿಲ್ಲ.

## ಗುರುತಿಸುವುದು ಹೇಗೆ

ನಿದ್ದೆ ಕೆಡುವುದು, ತಲೆನೋವು, ಭಾನುವಾರ ಸಂಜೆಯೇ ಹೊಟ್ಟೆಯಲ್ಲಿ ಸಂಕಟ, ಮನೆಯವರ ಮೇಲೆ ಸಿಡುಕು, ಇವು ಎಲ್ಲರಿಗೂ ಗೊತ್ತಿರುವ ಗುರುತುಗಳು. ಈ ವೃತ್ತಿಗೇ ವಿಶೇಷವಾದವು ಬೇರೆ ಇವೆ, ಅವು ಬೇಗ ಕಣ್ಣಿಗೆ ಬೀಳುವುದಿಲ್ಲ.

ಅಪಾಯಿಂಟ್‌ಮೆಂಟ್ ಇದ್ದವರು ಬರಲಿಲ್ಲ ಎಂದಾಗ ಚಿಂತೆಯ ಬದಲು ನಿರಾಳವೆನಿಸುವುದು. ಕೇಸ್ ನೋಟ್ಸ್ ದಿನದಿನಕ್ಕೆ ಚಿಕ್ಕದಾಗುತ್ತ ಹೋಗುವುದು. ‘ಇದೆಲ್ಲ ನಾಟಕ’, ‘ಇವರದು ಯಾವಾಗಲೂ ಇದ್ದದ್ದೇ’ ಎಂಬ ಮಾತು ಟೀ ಹೊತ್ತಿನಲ್ಲಿ ಸಲೀಸಾಗಿ ಬರುವುದು. ಎಲ್ಲಕ್ಕಿಂತ ಅಪಾಯಕಾರಿಯೆಂದರೆ ಆತ್ಮಹತ್ಯೆಯ ಯೋಚನೆ ಬಗ್ಗೆ ನೇರವಾಗಿ ಕೇಳುವುದನ್ನು ತಪ್ಪಿಸುವುದು. ಕೇಳಿದರೆ ‘ಹೌದು’ ಎಂಬ ಉತ್ತರ ಬರಬಹುದು, ಬಂದರೆ ಅದನ್ನು ಹೊರಲು ಶಕ್ತಿಯಿಲ್ಲ. ಹಾಗಾಗಿ ನಾಲಿಗೆ ತಾನಾಗಿಯೇ ಬೇರೆ ಪ್ರಶ್ನೆಗೆ ಜಾರುತ್ತದೆ. ಸಿಬ್ಬಂದಿಯ ದಣಿವು ರೋಗಿಯ ಪ್ರಾಣಕ್ಕೆ ಎರವಾಗುವುದು ಈ ಜಾರುವಿಕೆಯಲ್ಲಿ.

ಇದಕ್ಕೆ ತದ್ವಿರುದ್ಧವಾದ ಗುರುತೂ ಇದೆ: ಮಿತಿಮೀರಿ ತೊಡಗಿಕೊಳ್ಳುವುದು. ರೋಗಿಗೆ ಸ್ವಂತ ಮೊಬೈಲ್ ನಂಬರ್ ಕೊಡುವುದು, ರಾತ್ರಿ 11 ಗಂಟೆಗೂ ವಾಟ್ಸ್ಆ್ಯಪ್‌ನಲ್ಲಿ ಉತ್ತರಿಸುವುದು, ಜೇಬಿನಿಂದ ಮಾತ್ರೆಗೆ ದುಡ್ಡು ಕೊಡುವುದು, ‘ನಾನಿಲ್ಲದಿದ್ದರೆ ಇವರಿಗೆ ಯಾರೂ ಇಲ್ಲ’ ಎಂದುಕೊಳ್ಳುವುದು. ಇಂಥವರನ್ನು ಎಲ್ಲರೂ ಹೊಗಳುತ್ತಾರೆ, ಇನ್ನಷ್ಟು ಕೇಸ್ ಅವರಿಗೇ ಹೋಗುತ್ತದೆ. ಒಂದು ದಿನ ಅವರು ರಾಜೀನಾಮೆ ಕೊಟ್ಟಾಗ ಎಲ್ಲರಿಗೂ ಆಶ್ಚರ್ಯ.

## ಅಳೆಯಲು ಒಂದು ಸಾಧನ

ಹೆಚ್ಚು ಬಳಕೆಯಲ್ಲಿರುವುದು ಬೆತ್ ಸ್ಟಾಮ್ ರೂಪಿಸಿದ ‘ಪ್ರೊಫೆಷನಲ್ ಕ್ವಾಲಿಟಿ ಆಫ್ ಲೈಫ್’ ಪ್ರಶ್ನಾವಳಿ, ಸಂಕ್ಷೇಪದಲ್ಲಿ ಪ್ರೊಕ್ವಾಲ್. ಐದನೇ ಆವೃತ್ತಿಯಲ್ಲಿ 30 ಹೇಳಿಕೆಗಳಿವೆ. ಕಳೆದ 30 ದಿನಗಳನ್ನು ನೆನೆದು ಪ್ರತಿಯೊಂದಕ್ಕೂ 1ರಿಂದ (ಎಂದೂ ಇಲ್ಲ) 5ರವರೆಗೆ (ತುಂಬ ಸಲ) ಅಂಕ ಕೊಟ್ಟುಕೊಳ್ಳಬೇಕು. ಹತ್ತು ಹೇಳಿಕೆಗಳು ಕೆಲಸ ಕೊಡುವ ತೃಪ್ತಿಯನ್ನು, ಹತ್ತು ಬರ್ನ್‌ಔಟನ್ನು, ಹತ್ತು ಆಘಾತದ ಒತ್ತಡವನ್ನು ಅಳೆಯುತ್ತವೆ. ಪ್ರತಿ ವಿಭಾಗದಲ್ಲಿ 22 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೆಳಮಟ್ಟ, 23ರಿಂದ 41 ಮಧ್ಯಮ, 42 ಮತ್ತು ಮೇಲೆ ಹೆಚ್ಚು.

ಲೆಕ್ಕ ಹಾಕುವಾಗ ಆಗುವ ಸಾಮಾನ್ಯ ತಪ್ಪು ಒಂದಿದೆ. ಬರ್ನ್‌ಔಟ್ ವಿಭಾಗದ 1, 4, 15, 17 ಮತ್ತು 29ನೇ ಹೇಳಿಕೆಗಳು ಒಳ್ಳೆಯ ಸ್ಥಿತಿಯನ್ನು ಹೇಳುವವು. ಅವುಗಳ ಅಂಕವನ್ನು ತಿರುವಿ ಹಾಕಬೇಕು: 5 ಇದ್ದರೆ 1, 4 ಇದ್ದರೆ 2. ತಿರುವದೆ ಕೂಡಿದರೆ ಚೆನ್ನಾಗಿರುವವರೂ ಬೆಂದುಹೋದವರಂತೆ ಕಾಣುತ್ತಾರೆ.

ಮೂರು ಅಂಕಗಳನ್ನು ಒಟ್ಟಿಗೆ ಕೂಡುವಂತಿಲ್ಲ, ಪಕ್ಕಪಕ್ಕ ಇಟ್ಟು ಓದಬೇಕು. ತೃಪ್ತಿ ಹೆಚ್ಚಿದ್ದು ಆಘಾತದ ಅಂಕವೂ ಹೆಚ್ಚಿದ್ದರೆ, ಆ ವ್ಯಕ್ತಿ ಕೆಲಸವನ್ನು ಪ್ರೀತಿಸುತ್ತಾರೆ, ಆದರೆ ಯಾವುದೋ ಪ್ರಕರಣ ಅವರನ್ನು ಕಾಡುತ್ತಿದೆ. ತೃಪ್ತಿ ಕೆಳಗಿದ್ದು ಉಳಿದೆರಡೂ ಮೇಲಿದ್ದರೆ ಪರಿಸ್ಥಿತಿ ಕೈಮೀರುತ್ತಿದೆ ಎಂದರ್ಥ. ಅವರನ್ನು ಸದ್ಯಕ್ಕೆ ಆ ಕೆಲಸದಿಂದ ಬಿಡಿಸಿ, ಖಿನ್ನತೆ ಮತ್ತು ಪಿಟಿಎಸ್‌ಡಿಗೆ ತಪಾಸಣೆ ಮಾಡಿಸಬೇಕು. ಪ್ರೊಕ್ವಾಲ್ ರೋಗನಿರ್ಣಯ ಮಾಡುವುದಿಲ್ಲ, ಎಚ್ಚರಿಸುತ್ತದೆ ಅಷ್ಟೇ. ಖಿನ್ನತೆಯ ಅನುಮಾನವಿದ್ದರೆ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 10 ಅಥವಾ ಹೆಚ್ಚು ಅಂಕ ಬಂದವರನ್ನು ವೈದ್ಯರು ಕೂಲಂಕಷವಾಗಿ ನೋಡಬೇಕು. ಅದರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ಮಾತಾಡಬೇಕು.

ಈ ಅಂಕಗಳು ಮೇಲಧಿಕಾರಿಯ ಫೈಲಿಗೆ ಹೋಗಕೂಡದು. ವಾರ್ಷಿಕ ಮೌಲ್ಯಮಾಪನಕ್ಕೆ ಬಳಸುತ್ತಾರೆಂದು ಒಮ್ಮೆ ಗೊತ್ತಾದರೆ ಸಿಬ್ಬಂದಿಯೆಲ್ಲ ಸುಳ್ಳೇ ಚೆನ್ನಾಗಿದ್ದೇವೆಂದು ಬರೆಯುತ್ತಾರೆ. ಅಲ್ಲಿಗೆ ಅಳತೆ ಕೆಟ್ಟಿತು.

## ದಿನದ ಕೆಲಸದ ನಡುವೆ ಮಾಡಬಹುದಾದದ್ದು

ಎರಡು ಭೇಟಿಗಳ ನಡುವೆ ಮೂರು ನಿಮಿಷ ಸಿಕ್ಕಿದರೆ ಎದ್ದು ನಿಲ್ಲಿ, ನೀರು ಕುಡಿಯಿರಿ, ಎಳೆದುಕೊಂಡಿದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿ. ದೀರ್ಘವಾಗಿ ಉಸಿರು ಬಿಡುವಾಗ ಹೃದಯದ ಬಡಿತ ನಿಧಾನವಾಗುತ್ತದೆ. ಆಮೇಲೆ ಮುಂದಿನವರ ಫೈಲ್ ತೆರೆಯಿರಿ. ಹಿಂದಿನವರ ನೋಟ್ಸ್ ಬರೆದು ಮುಗಿಸಿಯೇ ಮುಂದಿನವರನ್ನು ಕರೆಯುವುದು ಒಳ್ಳೆಯದು. ಸಂಜೆಗೆಂದು ಉಳಿಸಿಕೊಂಡರೆ ಅಷ್ಟೂ ನೋವನ್ನು ದಣಿದ ತಲೆಯಲ್ಲಿ ಎರಡನೇ ಸಲ ಹಾದುಬರಬೇಕಾಗುತ್ತದೆ.

ಘೋರ ವಿವರ ಎಷ್ಟು ಬೇಕೋ ಅಷ್ಟನ್ನೇ ಕೇಳಿ. ಸುರಕ್ಷತೆಗೆ, ಚಿಕಿತ್ಸೆಗೆ, ಕಾನೂನಿಗೆ ಬೇಕಾದದ್ದು ಬೇರೆ, ಕುತೂಹಲಕ್ಕೆ ಬರುವ ಪ್ರಶ್ನೆ ಬೇರೆ. ಇದರಿಂದ ರೋಗಿಗೂ ಅದೇ ಗಾಯವನ್ನು ಮತ್ತೆ ಕೆದಕುವ ಹಿಂಸೆ ತಪ್ಪುತ್ತದೆ.

ಸಹೋದ್ಯೋಗಿಯ ಹತ್ತಿರ ಹೇಳಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಕಾರಿಡಾರಿನಲ್ಲಿ ಎದುರಾದವರ ಮೇಲೆ ಇಡೀ ಪ್ರಕರಣವನ್ನು ಸುರಿದರೆ ನಮ್ಮ ಭಾರ ಅವರ ತಲೆಗೆ ಹೋಗುತ್ತದೆ. ಬದಲಿಗೆ ಮೊದಲು ಸೂಚನೆ, ಆಮೇಲೆ ಒಪ್ಪಿಗೆ, ಕೊನೆಗೆ ಬೇಕಾದಷ್ಟೇ ಮಾತು: “ಮೇಡಂ, ಬೆಳಿಗ್ಗೆ ಒಂದು ಮಗುವಿನ ಕೇಸ್ ನೋಡಿದೆ, ಮನಸ್ಸು ಸರಿಯಿಲ್ಲ. ಹತ್ತು ನಿಮಿಷ ಮಾತಾಡಬಹುದಾ? ವಿವರ ಹೇಳಲ್ಲ.” “ಈಗ ಬೇಡ ಸಿಸ್ಟರ್, ಊಟ ಆದ್ಮೇಲೆ ಕೂತ್ಕೊಳ್ಳೋಣ” ಎಂದು ಎದುರಿನವರು ಹೇಳಲು ಇದರಿಂದ ಅವಕಾಶ ಸಿಗುತ್ತದೆ.

ನೈಟ್ ಡ್ಯೂಟಿಯ ಮರುದಿನ ನಿದ್ದೆಗೆ ಮೊದಲ ಆದ್ಯತೆ. ಕೋಣೆ ಕತ್ತಲಾಗಿರಲಿ, ಪಾಳಿಯ ಕೊನೆಯ ನಾಲ್ಕೈದು ಗಂಟೆಗಳಲ್ಲಿ ಕಾಫಿ ಬೇಡ. ನಿದ್ದೆಗೆಟ್ಟವರಿಗೆ ಭಾವನೆಗಳನ್ನು ಹತೋಟಿಯಲ್ಲಿಡುವುದು ಕಷ್ಟ. ನಿದ್ದೆಗಾಗಿ ವಾರ್ಡಿನ ಮಾತ್ರೆಯನ್ನೋ ಮದ್ಯವನ್ನೋ ಆಶ್ರಯಿಸುವುದು ಈ ವೃತ್ತಿಯಲ್ಲಿ ಸುಲಭವಾಗಿ ಹತ್ತುವ ಚಟ. ಔಷಧ ಕೈಗೆಟುಕುವಲ್ಲೇ ಇರುವುದರಿಂದ ಅಪಾಯ ಹೆಚ್ಚು.

## ಸೂಪರ್‌ವಿಷನ್: ಇದ್ದೂ ಇಲ್ಲದಂತಿರುವ ವ್ಯವಸ್ಥೆ

ಅನುಭವಿಗಳೊಬ್ಬರ ಜೊತೆ ನಿಯಮಿತವಾಗಿ ಕುಳಿತು ತಾನು ನೋಡುತ್ತಿರುವ ಪ್ರಕರಣಗಳನ್ನೂ ಅವು ತನ್ನ ಮೇಲೆ ಮಾಡುತ್ತಿರುವ ಪರಿಣಾಮವನ್ನೂ ಚರ್ಚಿಸುವುದೇ ಕ್ಲಿನಿಕಲ್ ಸೂಪರ್‌ವಿಷನ್. ಬ್ರಿಟನ್‌ನ ಸಮಾಲೋಚಕರ ಸಂಘ ಮಾನ್ಯತೆ (ಅಕ್ರೆಡಿಟೇಷನ್) ಪಡೆದ ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಇದನ್ನು ಕಡ್ಡಾಯ ಮಾಡಿದೆ. ನಮ್ಮಲ್ಲಿ ಎಂಫಿಲ್‌ನಂಥ ತರಬೇತಿಯ ಅವಧಿಯಲ್ಲಿ ಸೂಪರ್‌ವಿಷನ್ ಚೆನ್ನಾಗಿಯೇ ಸಿಗುತ್ತದೆ. ಕೆಲಸಕ್ಕೆ ಸೇರಿ ಜಿಲ್ಲೆಗೆ ಹೋದ ಮೇಲೆ ಹೆಚ್ಚಿನವರಿಗೆ ಅದು ನಿಂತುಹೋಗುತ್ತದೆ, ಅದು ಹೆಚ್ಚು ಬೇಕಾಗುವ ಹೊತ್ತಿಗೇ.

ರಜೆ ಮಂಜೂರು ಮಾಡುವ, ಗುತ್ತಿಗೆ ನವೀಕರಿಸುವ ಅಧಿಕಾರಿಯೇ ಸೂಪರ್‌ವೈಸರ್ ಆದರೆ ಯಾರೂ ಬಾಯಿ ಬಿಡುವುದಿಲ್ಲ. ಆ ಎರಡು ಪಾತ್ರಗಳು ಬೇರೆಯಾಗಿರಬೇಕು. ಒಂದೇ ಊರಿನಲ್ಲಿ ತಕ್ಕವರು ಸಿಗದಿದ್ದರೆ ಪಕ್ಕದ ಜಿಲ್ಲೆಯವರೊಂದಿಗೆ ವಿಡಿಯೊ ಕರೆಯಲ್ಲಿ ನಡೆಸಬಹುದು, ರೋಗಿಯ ಗುರುತು ಬಿಟ್ಟುಕೊಡದೆ.

ಗುಂಪಿನಲ್ಲಿ ನಡೆಸುವುದಾದರೆ 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕಲ್ ಬಾಲಿಂಟ್ ಶುರುಮಾಡಿದ ಬಾಲಿಂಟ್ ಗುಂಪಿನ ಮಾದರಿ ಚೆನ್ನಾಗಿ ಒದಗುತ್ತದೆ. ಸಾಮಾನ್ಯವಾಗಿ 6ರಿಂದ 12 ಜನ, ಒಂದರಿಂದ ಒಂದೂವರೆ ಗಂಟೆ. ಒಬ್ಬರು ಫೈಲ್ ನೋಡದೆ, ತಮ್ಮನ್ನು ಕಾಡುತ್ತಿರುವ ಒಂದು ಪ್ರಕರಣ ಹೇಳುತ್ತಾರೆ. ಆಮೇಲೆ ಅವರು ಸುಮ್ಮನೆ ಕೂರುತ್ತಾರೆ, ಉಳಿದವರು ಆ ರೋಗಿಗೆ ಏನನ್ನಿಸಿರಬಹುದು, ನೋಡಿದವರಿಗೆ ಏನನ್ನಿಸಿರಬಹುದು ಎಂದು ಮಾತಾಡುತ್ತಾರೆ. ‘ಆ ಡೋಸ್ ಹೆಚ್ಚಿಸಬಹುದಿತ್ತು’ ಎಂಬ ಸಲಹೆಗಳು ಶುರುವಾದರೆ ಗುಂಪು ದಾರಿತಪ್ಪಿತು. ಅದನ್ನು ತಡೆಯುವುದೇ ಗುಂಪಿನ ನಾಯಕರ ಮುಖ್ಯ ಕೆಲಸ.

## ರೋಗಿಯೊಬ್ಬರು ಜೀವ ಕಳೆದುಕೊಂಡಾಗ

ಈ ಕ್ಷೇತ್ರದಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಅನೇಕರಿಗೆ ಈ ದಿನ ಒಮ್ಮೆಯಾದರೂ ಎದುರಾಗುತ್ತದೆ. ‘ನಾನು ಏನನ್ನು ಗಮನಿಸಲಿಲ್ಲ’ ಎಂಬ ಪ್ರಶ್ನೆ ಕೊರೆಯತೊಡಗುತ್ತದೆ. ಸಂಸ್ಥೆ ಮುಂಚೆಯೇ ಕ್ರಮ ಬರೆದಿಟ್ಟಿರಬೇಕು, ಆ ದಿನ ಯೋಚಿಸುತ್ತ ಕೂರಲಾಗದು.

ಸುದ್ದಿಯನ್ನು ಹಿರಿಯರೊಬ್ಬರು ಎದುರಿಗೆ ಕೂರಿಸಿಕೊಂಡು ಹೇಳಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ನೋಡಿ ತಿಳಿಯುವಂತಾಗಬಾರದು. ಆ ದಿನದ ಉಳಿದ ಅಪಾಯಿಂಟ್‌ಮೆಂಟ್‌ಗಳನ್ನು ಬೇರೊಬ್ಬರು ವಹಿಸಿಕೊಳ್ಳಬೇಕು. ಫೈಲಿನಲ್ಲಿ ಹಳೆಯ ನೋಟ್ಸ್ ತಿದ್ದಲು ಹೋಗಬಾರದು. ಸೇರಿಸಬೇಕಾದದ್ದಿದ್ದರೆ ಆ ದಿನದ ದಿನಾಂಕ, ಸಮಯ ಹಾಕಿ ಪ್ರತ್ಯೇಕವಾಗಿ ಬರೆಯಬೇಕು. ಭಯದಲ್ಲಿ ಮಾಡುವ ತಿದ್ದುಪಡಿ ಮುಂದೆ ಕಾನೂನಿನ ತೊಡಕು ತರುತ್ತದೆ. ಕುಟುಂಬದವರನ್ನು ಭೇಟಿಯಾಗುವಾಗ ಚಿಕಿತ್ಸೆ ಕೊಟ್ಟವರನ್ನು ಒಂಟಿಯಾಗಿ ಕಳಿಸಬಾರದು. ಸಿಬ್ಬಂದಿ ಮೇಲಿನ ಹಲ್ಲೆಯನ್ನು ಶಿಕ್ಷಾರ್ಹಗೊಳಿಸಿದ 2009ರ ಕರ್ನಾಟಕದ ಕಾಯ್ದೆ ಇದೆ, ಆದರೆ ಆ ಕೋಣೆಯಲ್ಲಿ ಒದಗುವುದು ಪಕ್ಕದಲ್ಲಿ ನಿಂತ ಹಿರಿಯರೇ.

ಮೊದಲ ದಿನವೇ ಎಲ್ಲರನ್ನೂ ಕಡ್ಡಾಯವಾಗಿ ಕೂರಿಸಿ ‘ನಿಮಗೆ ಏನನ್ನಿಸಿತು, ವಿವರವಾಗಿ ಹೇಳಿ’ ಎಂದು ಬಿಚ್ಚಿಸುವ ರೂಢಿ ಕೆಲವೆಡೆ ಇದೆ. ಇಂಥ ಒಂದೇ ಸಲದ ಡಿಬ್ರೀಫಿಂಗ್ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ, ಕೆಲವರಿಗೆ ಹಾನಿಯನ್ನೂ ಮಾಡಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆ ಹೇಳಿದೆ. ಇಷ್ಟವಿದ್ದವರಿಗೆ ಮಾತಾಡಲು ಒಂದು ವಾರದೊಳಗೆ ಅವಕಾಶ ಕೊಟ್ಟು, ತಿಂಗಳ ಬಳಿಕ ಪ್ರತಿಯೊಬ್ಬರನ್ನೂ ಇನ್ನೊಮ್ಮೆ ವಿಚಾರಿಸುವುದು ಮೇಲು. ಸಾವಿನ ಕಾರಣ ಹುಡುಕುವ ಪರಿಶೀಲನಾ ಸಭೆ, ಸಿಬ್ಬಂದಿಗೆ ಆಸರೆಯಾಗುವ ಸಭೆ ಇವೆರಡೂ ಒಂದೇ ಆಗಬಾರದು. ವಾರ್ಡ್ ಅಟೆಂಡರ್, ಸೆಕ್ಯುರಿಟಿಯವರು, ಸ್ವಚ್ಛತೆಯ ಕೆಲಸದವರು ಈ ಪಟ್ಟಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುತ್ತಾರೆ. ಎಷ್ಟೋ ಸಲ ಮೊದಲು ನೋಡಿದವರು ಅವರೇ.

## ಸಂಸ್ಥೆ ಬದಲಾಯಿಸಬೇಕಾದದ್ದು

ವರ್ಷಕ್ಕೊಂದು ಯೋಗ ಶಿಬಿರ, ಗೋಡೆಗೊಂದು ಪೋಸ್ಟರ್ ಕೆಡುಕೇನಲ್ಲ. ಆದರೆ 60 ಜನರ ಓಪಿಡಿ ಹಾಗೇ ಇರುವಾಗ ಪ್ರಾಣಾಯಾಮ ಮಾಡಿ ಎಂದರೆ, ತಪ್ಪು ನಿನ್ನದೇ ಎಂದು ಹೇಳಿದಂತಾಗುತ್ತದೆ.

ಮೊದಲು ನೋಡಬೇಕಾದದ್ದು ಪ್ರಕರಣಗಳ ಹಂಚಿಕೆಯನ್ನು. ಒಬ್ಬರಿಗೆ ದಿನಕ್ಕೆ ಎಷ್ಟು ಜನ ಎಂಬ ಲೆಕ್ಕವಿರುತ್ತದೆ, ಅದರಲ್ಲಿ ಎಷ್ಟು ಆಘಾತದ ಪ್ರಕರಣ ಎಂಬ ಲೆಕ್ಕ ಇರುವುದಿಲ್ಲ. ಪೋಕ್ಸೊ ಪ್ರಕರಣಗಳೆಲ್ಲ ‘ಅವರು ಚೆನ್ನಾಗಿ ಮಾಡ್ತಾರೆ’ ಎಂದು ಒಬ್ಬ ಸಮಾಲೋಚಕಿಗೇ ಹೋಗುತ್ತವೆ. ತಿಂಗಳ ಕೊನೆಗೆ ರಿಜಿಸ್ಟರ್ ತೆಗೆದು ಆತ್ಮಹತ್ಯೆ ಯತ್ನ, ಲೈಂಗಿಕ ದೌರ್ಜನ್ಯ, ಮಕ್ಕಳ ಸಾವಿನಂಥ ಪ್ರಕರಣಗಳು ಯಾರಿಗೆ ಎಷ್ಟು ಹೋಗಿವೆ ಎಂದು ಎಣಿಸಿದರೆ ಅರ್ಧ ಗಂಟೆಯಲ್ಲಿ ಚಿತ್ರ ಸಿಗುತ್ತದೆ. ಮರು ತಿಂಗಳು ಹಂಚಿಕೆ ಬದಲಾಯಿಸಬಹುದು, ಇದಕ್ಕೆ ಹೆಚ್ಚುವರಿ ಹಣ ಬೇಕಿಲ್ಲ.

ಪಾಳಿಯ ಕೊನೆಯ 15 ನಿಮಿಷವನ್ನು ಹ್ಯಾಂಡೋವರ್‌ಗೆಂದೇ ಇಟ್ಟು, ಅದನ್ನು ಕೆಲಸದ ಅವಧಿಯಲ್ಲೇ ಲೆಕ್ಕಹಾಕಬೇಕು. ಸತತ ನೈಟ್ ಡ್ಯೂಟಿಗೆ ಮಿತಿ ಇರಬೇಕು. ಒಂದೇ ವಿವರವನ್ನು ಎರಡು ರಿಜಿಸ್ಟರ್, ಒಂದು ಆ್ಯಪ್, ಒಂದು ಎಕ್ಸೆಲ್ ಶೀಟಿನಲ್ಲಿ ಬರೆಯುವುದು ಕಡಿಮೆಯಾದರೆ ಆ ಹೊತ್ತು ರೋಗಿಗೆ ಸಿಗುತ್ತದೆ. ರೋಗಿ ಚೇತರಿಸಿಕೊಂಡ ಸುದ್ದಿ ಸಿಬ್ಬಂದಿಗೆ ಮುಟ್ಟುವ ವ್ಯವಸ್ಥೆಯೂ ಬೇಕು. ಬಿಡುಗಡೆಯಾದವರು ಮತ್ತೆ ಕೆಲಸಕ್ಕೆ ಸೇರಿದರು, ಮಗಳ ಮದುವೆ ಮಾಡಿದರು ಎಂಬುದು ವಾರ್ಡಿನ ನರ್ಸ್‌ಗೆ ಗೊತ್ತೇ ಆಗುವುದಿಲ್ಲ; ಅವರ ಕಣ್ಣಿಗೆ ಬೀಳುವುದು ಮರಳಿ ಬಂದವರಷ್ಟೇ. ಫಾಲೋಅಪ್ ಓಪಿಡಿಗೆ ವಾರ್ಡಿನ ಸಿಬ್ಬಂದಿಯನ್ನು ಸರದಿಯಲ್ಲಿ ಹಾಕಿದರೆ ಇದು ಸರಿಹೋಗುತ್ತದೆ. ಪ್ರೊಕ್ವಾಲ್ ಅಳೆಯುವ ತೃಪ್ತಿ ಇಂಥಲ್ಲಿಂದಲೇ ಹುಟ್ಟುವುದು.

## ಸಹಾಯ ಕೇಳುವುದು, ಕೆಲಸಕ್ಕೆ ಮರಳುವುದು

ಲಕ್ಷಣಗಳು ಎರಡು ವಾರಕ್ಕೂ ಮೀರಿ ಉಳಿದರೆ, ಕೇಳಿದ ಘಟನೆಯ ಚಿತ್ರಗಳು ತಿಂಗಳಾದರೂ ಬಿಡದಿದ್ದರೆ, ಕುಡಿತ ಅಥವಾ ಮಾತ್ರೆಯಿಲ್ಲದೆ ನಿದ್ದೆ ಬಾರದಿದ್ದರೆ ಚಿಕಿತ್ಸೆ ಬೇಕು. ಸಾಯುವ ಯೋಚನೆ ಬಂದರೆ ಕಾಯುವಂತಿಲ್ಲ, ಅಂದೇ ಹೇಳಬೇಕು. ಮನೋಆರೋಗ್ಯದವರು ಚಿಕಿತ್ಸೆಗೆ ಹೋಗಲು ಹಿಂಜರಿಯಲು ಒಂದು ನಿಜವಾದ ಕಾರಣವಿದೆ: ಜಿಲ್ಲೆಯಲ್ಲಿರುವ ಮನೋವೈದ್ಯರು ಅವರ ಸಹೋದ್ಯೋಗಿಯೇ ಆಗಿರುತ್ತಾರೆ. ಬೇರೆ ಜಿಲ್ಲೆಯವರನ್ನು ವಿಡಿಯೊ ಸಮಾಲೋಚನೆಯಲ್ಲಿ ಕಾಣಬಹುದು. 14416 ಅವರಿಗೂ ತೆರೆದಿದೆ.

ರಜೆ ಮುಗಿಸಿ ಬಂದವರಿಗೆ ಮೊದಲ ದಿನವೇ ಬಾಕಿ ಬಿದ್ದ ಕೇಸುಗಳನ್ನೆಲ್ಲ ಒಪ್ಪಿಸಿದರೆ ಕೆಲವೇ ವಾರಗಳಲ್ಲಿ ಮತ್ತೆ ಹಳೆಯ ಸ್ಥಿತಿಗೇ ಮರಳುತ್ತಾರೆ. ಮೊದಲ ಎರಡು ವಾರ ಅರ್ಧದಷ್ಟು ಪ್ರಕರಣ, ನೈಟ್ ಡ್ಯೂಟಿ ಬೇಡ, ಹೊಸ ಆಘಾತದ ಪ್ರಕರಣ ಬೇಡ. ಮೂರನೇ ವಾರದಿಂದ ನಿಧಾನವಾಗಿ ಏರಿಸುತ್ತ, ವಾರಕ್ಕೊಮ್ಮೆ ಸೂಪರ್‌ವಿಷನ್ ಇಡಬೇಕು. ಅವರನ್ನು ಕುಗ್ಗಿಸಿದ ಪ್ರಕರಣದ ಕುಟುಂಬ ಮತ್ತೆ ಓಪಿಡಿಗೆ ಬಂದರೆ ಯಾರು ನೋಡಬೇಕು ಎಂಬುದನ್ನು ಅವರನ್ನೇ ಕೇಳಿ, ಮುಂಚಿತವಾಗಿ ಗೊತ್ತುಮಾಡಿಟ್ಟುಕೊಂಡಿರಬೇಕು.